ಪಾದದ ಜೋಮು: ಕಾರಣವನ್ನು ಅರಸುವ ಬಗೆ

ಮಧುಮೇಹವುಳ್ಳವರ ಪಾದಗಳಿಗೆ ಜೋಮು ಹಿಡಿದರೆ, ಅದು ಸಕ್ಕರೆ ಕಾಯಿಲೆಯದೇ ಕೆಲಸವೆಂದು ಹೇಳಿ ಸುಮ್ಮನಾಗುವುದು ವಾಡಿಕೆ. ಬಹುಮಟ್ಟಿಗೆ ಆ ಮಾತು ನಿಜವೂ ಹೌದು. ಆದರೆ ಎರಡು ಸಂಗತಿಗಳು ಜೊತೆಗಿದ್ದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವಾಗದೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಬರಿಗಾಲಿನಲ್ಲಿ ಹೊಲ ಸುತ್ತುವ ನನ್ನ ತಂದೆಯವರಿಗೂ ಈ ತೊಂದರೆಯಿರುವುದರಿಂದ, ವೈದ್ಯರು ಇದರ ಕಾರಣವನ್ನು ಹೇಗೆ ಹುಡುಕುತ್ತಾರೆಂಬುದನ್ನು ಓದಿ ತಿಳಿದುಕೊಂಡೆನು. ಅದನ್ನೇ ವಾಚಕರ ಮುಂದಿಡುತ್ತಿದ್ದೇನೆ.

ಮೊದಲನೆಯದು ಸ್ಪರ್ಶಜ್ಞಾನದ ಪರೀಕ್ಷೆ. ರೋಗಿಯು ಕಣ್ಣು ಮುಚ್ಚಿರುವಾಗ ಒಂದು ನೈಲಾನ್ ಎಳೆಯನ್ನು ಅದು ಬಾಗುವವರೆಗೆ ಅಂಗಾಲಿಗೆ ಒತ್ತುತ್ತಾರೆ. ಎಳೆಯು ಬಾಗುವುದು 10 ಗ್ರಾಂ ಒತ್ತಡಕ್ಕೆ. ಅಷ್ಟು ಒತ್ತಡವೂ ತಿಳಿಯದ ಪಾದಕ್ಕೆ ಮುಳ್ಳು ನೆಟ್ಟರೂ ತಿಳಿಯದೆ ಹುಣ್ಣಾಗಬಹುದು. ಬಳಿಕ ಸೆಕೆಂಡಿಗೆ 128 ಸಲ ಕಂಪಿಸುವ ಶ್ರುತಿಕವೆಯನ್ನು ಹೆಬ್ಬೆರಳಿನ ಮೂಳೆಯ ಮೇಲಿಟ್ಟು, ಕಂಪನವು ತಿಳಿಯುವುದೇ ಎಂದು ಕೇಳುತ್ತಾರೆ. ಹಿಮ್ಮಡಿಯ ಮೇಲ್ಭಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ, ಪಾದವು ಮಿಡಿಯುವುದೇ ಎಂದು ನೋಡುತ್ತಾರೆ.

ಇಷ್ಟರಿಂದ ನರಗಳಿಗೆ ಹಾನಿಯಾಗಿದೆಯೆಂದು ತಿಳಿದೀತು. ಏತರಿಂದ ಎಂಬುದು ತಿಳಿಯದು. ಅದಕ್ಕೆ ರಕ್ತಪರೀಕ್ಷೆ ಬೇಕು. ಎಚ್‌ಬಿಎ1ಸಿ ಪರೀಕ್ಷೆಯು ಹಿಂದಿನ 2-3 ತಿಂಗಳುಗಳ ಸಕ್ಕರೆಯ ಸರಾಸರಿ ಮಟ್ಟವನ್ನು ಹೇಳುತ್ತದೆ. ಇದರಷ್ಟೇ ಮುಖ್ಯವಾದುದು ಬಿ12 ಜೀವಸತ್ತ್ವದ ಪರೀಕ್ಷೆ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ ಈ ಜೀವಸತ್ತ್ವವು ಕಡಮೆಯಾಗಬಹುದು. ಅದರ ಕೊರತೆಯೂ ಜೋಮನ್ನೇ ತರುತ್ತದೆ. ಬೇಗ ಕಂಡುಕೊಂಡರೆ ಮದ್ದೂ ಸುಲಭ. ನನ್ನ ತಂದೆಯವರ ಔಷಧಿ ಚೀಟಿಯಲ್ಲಿಯೂ ಈ ಗುಳಿಗೆಯಿರುವುದರಿಂದ, ಇದು ನನಗೆ ಬರಿಯ ಪುಸ್ತಕದ ಮಾತಲ್ಲ. ಥೈರಾಯ್ಡ್ ಗ್ರಂಥಿ, ಮೂತ್ರಪಿಂಡಗಳ ದೋಷವನ್ನೂ ರಕ್ತದಿಂದ ತಿಳಿಯಬಹುದು. ಮದ್ಯಪಾನವೂ ಒಂದು ಕಾರಣವಾದ್ದರಿಂದ ವೈದ್ಯರಲ್ಲಿ ಅದನ್ನು ಮುಚ್ಚಿಡಬಾರದು. ಸ್ಪರ್ಶವಿಲ್ಲದ ಬಿಳಿಚಿದ ಮಚ್ಚೆಯಿದ್ದರೆ ಕುಷ್ಠರೋಗವನ್ನೂ ಶಂಕಿಸಬೇಕು.

ನರಗಳಿಗೆ ಅಲ್ಪ ವಿದ್ಯುತ್ತನ್ನು ಹಾಯಿಸಿ ಅವುಗಳ ವೇಗವನ್ನು ಅಳೆಯುವ ಪರೀಕ್ಷೆಯೂ ಉಂಟು. ಅದು ಎಲ್ಲರಿಗೂ ಬೇಕಿಲ್ಲ. ಜೋಮು ಒಂದೇ ಕಾಲಿಗಿದ್ದರೆ, ಬೇಗಬೇಗನೆ ಏರಿದರೆ, ಇಲ್ಲವೆ ಕಾಲಿನ ಶಕ್ತಿ ಕುಂದಿದರೆ ಅದನ್ನು ಮಾಡಿಸುತ್ತಾರೆ. ನೋವು, ಬಿಸಿಗಳನ್ನು ತಿಳಿಸುವ ಸೂಕ್ಷ್ಮ ನರಗಳ ಹಾನಿ ಅದರಲ್ಲಿ ಕಾಣದಿರಬಹುದು. ಆದುದರಿಂದ ವರದಿ ಸರಿಯಿದ್ದರೂ ರೋಗಿಯ ಮಾತನ್ನು ತಳ್ಳಿಹಾಕಲಾಗದು.

ಹೀಗೆ, ಸಕ್ಕರೆಯೇ ಕಾರಣವೆಂದು ಸಾಧಿಸುವ ಒಂಟಿ ಪರೀಕ್ಷೆಯಿಲ್ಲ. ಇತರ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕಿದ ಮೇಲೆಯೇ ಆ ನಿರ್ಣಯ. ಮಧುಮೇಹಿಗಳು ವರ್ಷಕ್ಕೊಮ್ಮೆಯಾದರೂ ಪಾದಗಳನ್ನು ವೈದ್ಯರಿಗೆ ತೋರಿಸಬೇಕು. ನಮ್ಮಲ್ಲಿ ಅನೇಕರ ತಂದೆತಾಯಿಗಳು ಅಕ್ಷರ ಕಲಿತವರಲ್ಲ. ಅವರ ಚೀಟಿಯನ್ನು ಓದಿ, "ಬಿ12 ನೋಡಿಸಬಹುದೇ?" ಎಂದು ಅವರ ಪರವಾಗಿ ವೈದ್ಯರನ್ನು ಕೇಳುವಷ್ಟಾದರೂ ನಮ್ಮ ವಿದ್ಯೆಯು ಉಪಯೋಗಕ್ಕೆ ಬರಲಿ.