ಹೋಗಿಬಿಡುವ ಸುಖವೂ ನಿಲ್ಲುವ ಸಂತೋಷವೂ

(ಓದತಕ್ಕ ಭಾಗಗಳು: ಅಪೊಸ್ತಲರ ಕೃತ್ಯಗಳು 16:11-40, ಫಿಲಿಪ್ಪಿ 4:1-20)



ಸುಗ್ಗಿಯ ತರುವಾಯ ಕೈಯಲ್ಲಿ ನಾಲ್ಕು ಕಾಸು ಓಡಾಡುವ ದಿವಸಗಳಲ್ಲಿ ಮನೆಯೊಳಗಿಂದ ನಗು ಕೇಳಿಬರುತ್ತದೆ. ಮುಂಗಾರಿನ ಹೊತ್ತಿಗೆ ಬೀಜಕ್ಕೆಂದು ಸಾಲ ಕೇಳುವ ಕಾಲ ಬಂದಾಗ ಅದೇ ಮನೆಯಲ್ಲಿ ಗಂಡನು ಹೆಂಡತಿಯ ಮೇಲೂ, ತಾಯಿಯು ಮಕ್ಕಳ ಮೇಲೂ ಸಿಡಿಮಿಡಿಗೊಳ್ಳುವದುಂಟು. ಮನೆ ಅದೇ, ಜನರು ಅವರೇ. ಹಣ ಬಂದಾಗ ನಗು ಬಂತು. ಹಣ ಹೋದಾಗ ಅದರ ಹಿಂದೆಯೇ ನಗುವೂ ಹೋಯಿತು. ಹೀಗಿರಲಾಗಿ ಆ ನಗು ನಮ್ಮದಾಗಿತ್ತೋ, ಹಣದ್ದಾಗಿತ್ತೋ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಫಿಲಿಪ್ಪಿ ಪಟ್ಟಣದಲ್ಲಿ ಒಂದು ಹಗಲೂ ಒಂದು ರಾತ್ರಿಯೂ ನಡೆದ ಸಂಗತಿಯನ್ನು ಈ ತಿಂಗಳು ಧ್ಯಾನಿಸೋಣ.

ಆ ಪಟ್ಟಣವು ಈಗಿನ ಗ್ರೀಸ್ ದೇಶದ ಉತ್ತರಭಾಗದಲ್ಲಿ ಇತ್ತು. ಮಕೆದೋನ್ಯದ ಅರಸನಾದ ಎರಡನೆಯ ಫಿಲಿಪ್ಪನು ಕ್ರಿ.ಪೂ. 356ರಲ್ಲಿ ಅದನ್ನು ವಶಮಾಡಿಕೊಂಡು ತನ್ನ ಹೆಸರನ್ನು ಅದಕ್ಕೆ ಇಟ್ಟನು. ಹತ್ತಿರದ ಬೆಟ್ಟಗಳಲ್ಲಿ ಚಿನ್ನದ ಗಣಿಗಳಿದ್ದವು. ಕ್ರಿ.ಪೂ. 42ರಲ್ಲಿ ಅಲ್ಲಿ ನಡೆದ ದೊಡ್ಡ ಯುದ್ಧದ ತರುವಾಯ, ಸೇವೆಯಿಂದ ಬಿಡುಗಡೆಯಾದ ರೋಮ್ ಸಿಪಾಯಿಗಳಿಗೆ ಅಲ್ಲಿಯ ಭೂಮಿಯನ್ನು ಹಂಚಿಕೊಟ್ಟರು. ಈಗ ಅಲ್ಲಿ ಹಾಳುಬಿದ್ದ ಕಲ್ಲುಗಳು ಮಾತ್ರ ಇವೆ. ಯುನೆಸ್ಕೋ ಸಂಸ್ಥೆಯವರು 2016ರಲ್ಲಿ ಅವುಗಳನ್ನು ಲೋಕಪರಂಪರೆಯ ಪಟ್ಟಿಗೆ ಸೇರಿಸಿದರು. ಪೌಲನೂ ಸೀಲನೂ ಕ್ರಿ.ಶ. 50ರ ಸುಮಾರಿಗೆ ಅಲ್ಲಿಗೆ ಬಂದಾಗ, ಅದು ಹೊಲ, ಹಣ, ರೋಮಿನವರೆಂಬ ಹೆಮ್ಮೆ ಇವುಗಳಿಂದ ತುಂಬಿದ ಊರಾಗಿತ್ತು.

ಆ ಊರಲ್ಲಿ ಕಣಿ ಹೇಳುವ ಒಬ್ಬ ದಾಸಿಯು ಇದ್ದಳು. ಅವಳಿಗೆ ಒಬ್ಬ ಯಜಮಾನನಲ್ಲ, ಹಲವರು. ಹಾಲು ಕರೆಯುವ ಎಮ್ಮೆಯಲ್ಲಿ ಪಾಲು ಇಟ್ಟುಕೊಂಡವರಂತೆ ಅವರು ಅವಳ ಬಾಯಿಂದ ಬರುವ ಸಂಪಾದನೆಯನ್ನು ಹಂಚಿಕೊಳ್ಳುತ್ತಿದ್ದರು. ಪೌಲನು ಅವಳನ್ನು ಹಿಡಿದಿದ್ದ ಆತ್ಮವನ್ನು ಬಿಡಿಸಿದನು. ಇಲ್ಲಿ ಲೂಕನು ಬರೆದ ರೀತಿಯನ್ನು ಗಮನಿಸಬೇಕು. ದುರಾತ್ಮವು ಹೊರಟುಹೋಯಿತು ಎಂಬುದಕ್ಕೂ ಯಜಮಾನರ ಲಾಭದ ನಿರೀಕ್ಷೆ ಹೋಯಿತು ಎಂಬುದಕ್ಕೂ ಗ್ರೀಕ್ ಮೂಲದಲ್ಲಿ ಒಂದೇ ಕ್ರಿಯಾಪದವಿದೆ. ಎರಡೂ ಒಂದೇ ಬಾಗಿಲಿನಿಂದ ಹೊರಟುಹೋದವು. ಕಾಡುತ್ತಿದ್ದದ್ದರಿಂದ ಒಬ್ಬ ಬಡ ಹುಡುಗಿಗೆ ಬಿಡುಗಡೆಯಾಯಿತಲ್ಲಾ ಎಂದು ಅವರಲ್ಲಿ ಒಬ್ಬನಾದರೂ ಸಂತೋಷಪಡಲಿಲ್ಲ. ಬೆಳಿಗ್ಗೆ ನಗುತ್ತಿದ್ದವರು ಸಂಜೆಯೊಳಗೆ ಇಬ್ಬರು ಪರದೇಶಸ್ಥರನ್ನು ಚಾವಡಿಗೆ ಎಳೆದುಕೊಂಡು ಹೋದರು. (ಆ ಹುಡುಗಿಯು ಮುಂದೆ ಏನಾದಳೆಂಬದನ್ನು ಸತ್ಯವೇದವು ತಿಳಿಸುವದಿಲ್ಲ. ಪಟ್ಟಣದ ವಿಶ್ವಾಸಿಗಳಲ್ಲಿ ಯಾರಾದರೂ ಅವಳನ್ನು ಸೇರಿಸಿಕೊಂಡರೋ ಎಂದು ನಾನು ಅನೇಕ ಸಾರಿ ಯೋಚಿಸಿದ್ದೇನೆ.)

ಅದೇ ದಿವಸ ಪೌಲ ಸೀಲರೂ ಕಳೆದುಕೊಂಡರು. ಅವರ ಬಟ್ಟೆಗಳನ್ನು ಕಿತ್ತುಹಾಕಿದರು, ಕೋಲುಗಳಿಂದ ಹೊಡೆಸಿದರು, ವಿಚಾರಣೆಯಿಲ್ಲದೆ ಒಳಗಣ ಸೆರೆಗೆ ನೂಕಿ ಕಾಲುಗಳಿಗೆ ಕೋಳ ಹಾಕಿದರು. ಮೈಮೇಲಣ ಗಾಯಗಳನ್ನು ತೊಳೆಯುವವರೂ ಇರಲಿಲ್ಲ. ಆದರೂ ಮಧ್ಯರಾತ್ರಿಯಲ್ಲಿ ಅವರು ಪ್ರಾರ್ಥಿಸುತ್ತಾ ದೇವರನ್ನು ಹಾಡಿ ಕೊಂಡಾಡುತ್ತಿದ್ದರು. ಉಳಿದ ಸೆರೆಯವರು ಕಿವಿಗೊಟ್ಟು ಕೇಳುತ್ತಿದ್ದರು. ಅವರಿಗೆ ನೋವು ಇರಲಿಲ್ಲವೆಂದು ಎಣಿಸಬೇಡಿರಿ. ನೋವಿನ ದೆಸೆಯಿಂದಲೇ ಆ ಹೊತ್ತಿನ ತನಕ ಎಚ್ಚರವಾಗಿದ್ದರೋ ಏನೋ. ಆದರೆ ಕೋಲಿಗೂ ಕೋಳಕ್ಕೂ ನಿಲುಕದ ಒಂದು ಅವರಲ್ಲಿ ಇತ್ತು. ಯಜಮಾನರ ಸುಖವು ಇನ್ನೊಬ್ಬಳ ಬಾಯಲ್ಲಿ ಇದ್ದದರಿಂದ ಆಕೆ ಗುಣವಾದ ಕ್ಷಣವೇ ಹೋಯಿತು. ಇವರ ಸಂತೋಷವಾದರೋ ಅಧಿಕಾರಿಗಳು ಕೊಟ್ಟದ್ದಲ್ಲವಾದದರಿಂದ ಅಧಿಕಾರಿಗಳು ಕಸಿದುಕೊಳ್ಳಲಾರದೆ ಹೋದರು.

ಮೂರನೆಯವನು ಸೆರೆಯ ಯಜಮಾನನು. ಭೂಕಂಪವಾಗಿ ಬಾಗಿಲುಗಳು ತೆರೆದದ್ದನ್ನು ಕಂಡ ಕೂಡಲೇ ಅವನು ಕತ್ತಿಯನ್ನು ಹಿರಿದು ತನ್ನನ್ನೇ ಕೊಂದುಕೊಳ್ಳಬೇಕೆಂದಿದ್ದನು. ಯಾಕಂದರೆ ಸೆರೆಯವರು ತಪ್ಪಿಸಿಕೊಂಡರೆ ಕಾವಲುಗಾರನ ತಲೆ ಹೋಗುವದುಂಟು. ಪೇತ್ರನು ಸೆರೆಯಿಂದ ಹೊರಟುಹೋದಾಗ ಹೆರೋದನು ಕಾವಲುಗಾರರಿಗೆ ಮರಣದಂಡನೆ ವಿಧಿಸಿದ್ದನ್ನು 12ನೆಯ ಅಧ್ಯಾಯದಲ್ಲಿ ಓದುತ್ತೇವೆ. ಮುಚ್ಚಿದ ಬಾಗಿಲುಗಳೇ ಅವನ ಜೀವಕ್ಕೆಲ್ಲಾ ಆಧಾರವಾಗಿದ್ದವು. ಬಾಗಿಲು ತೆರೆದಾಗ ಬದುಕುವದಕ್ಕೆ ಅವನಿಗೆ ಏನೂ ಉಳಿಯಲಿಲ್ಲ. ಬೆಳಗಾಗುವದರೊಳಗೆ ಅದೇ ಮನುಷ್ಯನು ತನ್ನ ಸೆರೆಯವರ ಗಾಯಗಳನ್ನು ತೊಳೆದು, ದೀಕ್ಷಾಸ್ನಾನ ಮಾಡಿಸಿಕೊಂಡು, ಅವರನ್ನು ಮನೆಗೆ ಕರೆದು ಊಟಕ್ಕೆ ಬಡಿಸಿ, ಮನೆಯವರೆಲ್ಲರ ಸಂಗಡ ಉಲ್ಲಾಸಗೊಂಡನು. ಮಾರನೆಯ ದಿವಸ ಅಧಿಕಾರಿಗಳು ಏನು ಮಾಡುವರೋ ಅವನಿಗೆ ಆಗ ಗೊತ್ತಿರಲಿಲ್ಲ. ಭಯಕ್ಕೆ ಇದ್ದ ಕಾರಣಗಳು ಒಂದೂ ಕಡಿಮೆಯಾಗಿರಲಿಲ್ಲ. ಆದರೂ ಕತ್ತಿ ಹಿಡಿದಿದ್ದ ಕೈಯೇ ಅನ್ನ ಬಡಿಸಿತು.

ಕೆಲವು ವರುಷಗಳ ತರುವಾಯ ಪೌಲನು ಪುನಃ ಸೆರೆಯಲ್ಲಿದ್ದಾಗ ಆ ಊರಿನ ಸಭೆಗೆ ಒಂದು ಪತ್ರಿಕೆಯನ್ನು ಬರೆದನು. ಆ ಸೆರೆಯು ರೋಮಿನಲ್ಲಿತ್ತೆಂದು ಹಲವರೂ, ಎಫೆಸದಲ್ಲಿತ್ತೆಂದು ಕೆಲವರೂ ಹೇಳುತ್ತಾರೆ. ನಾಲ್ಕೇ ಅಧ್ಯಾಯಗಳಾದರೂ, ಸಂತೋಷ ಎಂಬರ್ಥದ ಮಾತುಗಳು ಅದರ ಗ್ರೀಕ್ ಮೂಲದಲ್ಲಿ 16 ಸಾರಿ ಬರುತ್ತವೆ. ಸಂತೋಷಪಡಿರಿ ಎಂದು ಓದಿದಾಗ ಸಭೆಯಲ್ಲಿ ಆ ಸೆರೆಯ ಯಜಮಾನನೂ ಕೂತಿದ್ದಿರಬಹುದು. ಹಾಗಿದ್ದರೆ ಇದು ಬರೀ ಬಾಯಿಮಾತಲ್ಲವೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಬೆನ್ನನ್ನು ತೊಳೆದವನು ಅವನೇ.

ಈ ಪತ್ರಿಕೆಯ ಕಡೇ ಅಧ್ಯಾಯದಲ್ಲಿ ಪೌಲನು ಕೊರತೆಯಲ್ಲಿಯೂ ಸಮೃದ್ಧಿಯಲ್ಲಿಯೂ ತೃಪ್ತನಾಗಿರುವದನ್ನು ಕಲಿತಿದ್ದೇನೆಂದು ಹೇಳುತ್ತಾನೆ. ಕಲಿತೆನು ಎಂಬ ಮಾತನ್ನು ಹಿಡಿದುಕೊಳ್ಳಿರಿ. ಅದು ಹುಟ್ಟುಗುಣವಲ್ಲ, ಒಂದೇ ಕೂಟದಲ್ಲಿ ಇಳಿದುಬರುವ ಆವೇಶವೂ ಅಲ್ಲ. ಕುಂಟೆ ಹೊಡೆಯುವದನ್ನು ಮಗನು ತಂದೆಯ ಹಿಂದೆ ಹೋಗಿ ಹೇಗೆ ಕಲಿಯುತ್ತಾನೋ ಹಾಗೆ, ವಕ್ರವಾದ ಸಾಲುಗಳನ್ನು ಎಳೆಯುತ್ತಾ ಕಲಿಯತಕ್ಕದ್ದು. ಹಸಿವಿನಲ್ಲಿ ತಾಳಿಕೊಳ್ಳುವದನ್ನು ಮಾತ್ರವಲ್ಲ, ಹೊಟ್ಟೆ ತುಂಬಿದಾಗ ಇರುವ ರೀತಿಯನ್ನೂ ಅವನು ಕಲಿಯಬೇಕಾಯಿತು. ನಮ್ಮ ಹಳ್ಳಿಗಳಲ್ಲಿ ಈ ಎರಡನೆಯ ಪಾಠವೇ ಹೆಚ್ಚು ಕಷ್ಟವೆಂದು ನನಗೆ ತೋರುತ್ತದೆ. ಬೆಳೆಯಿಲ್ಲದ ವರುಷ ಒಂದೇ ಗಂಜಿಯನ್ನು ಹಂಚಿ ಕುಡಿದ ಅಣ್ಣತಮ್ಮಂದಿರು, ಬೋರಿಗೆ ನೀರು ಬಿದ್ದ ವರುಷ ಬದುವಿನ ಒಂದು ಮೊಳಕ್ಕಾಗಿ ಕೋರ್ಟು ಹತ್ತಿದ್ದನ್ನು ಯಾರು ನೋಡಿಲ್ಲ?

ಇಷ್ಟು ಹೇಳಿದ್ದರಿಂದ ಸುಖವೆಲ್ಲಾ ಪಾಪವೆಂದು ತಿಳಿಯಬಾರದು. ಕರ್ತನು ಕಾನಾ ಊರಿನ ಮದುವೆಗೆ ಹೋದನು. ಮಕ್ಕಳಿಗೆ ಜಾತ್ರೆಯಲ್ಲಿ ಬೆಂಡು ಬತ್ತಾಸು ಕೊಡಿಸುವದರಲ್ಲಿಯೂ, ಹೊಸ ಅಕ್ಕಿಯ ಅನ್ನದಲ್ಲಿಯೂ ದೋಷವೇನು? ಅವು ದೇವರ ದಾನಗಳು. ಬಂದಾಗ ಸ್ತೋತ್ರ ಹೇಳಿ ತೆಗೆದುಕೊಂಡು, ಹೋಗುವಾಗ ಹೋಗಬಿಡತಕ್ಕವುಗಳು. ಹೋಗತಕ್ಕದ್ದನ್ನು ನಿಲ್ಲಿಸಬೇಕೆಂದು ಹೊರಟಾಗಲೇ ಕೇಡು. ಒಂದು ದಿವಸದ ಮದುವೆಯ ವೈಭವಕ್ಕಾಗಿ ಹತ್ತು ವರುಷದ ಸಾಲ, ನಿನ್ನೆಯ ಅಮಲು ಇಳಿಯಿತೆಂದು ಇಂದಿನ ಕುಡಿತ, ಇವು ಹಾಗೆ ಹುಟ್ಟುತ್ತವೆ.

ಇನ್ನೊಂದು ತಪ್ಪನ್ನು ಉಪದೇಶಿಗಳಾದ ನಾವೇ ಮಾಡುತ್ತೇವೆ. ನಾನು ಈ ಸೇವೆಗೆ ಹೊಸಬನಾಗಿದ್ದಾಗ, ಮಗುವನ್ನು ಮಣ್ಣುಮಾಡಿದ ಮೂರನೆಯ ದಿವಸ ಒಂದು ಮನೆಗೆ ಹೋಗಿ, ಯಾವಾಗಲೂ ಸಂತೋಷಿಸಬೇಕೆಂಬ ಉಪದೇಶವನ್ನು ಓದಿ ವಿವರಿಸಿದೆನು. ಆ ತಾಯಿಯು ಏನೂ ಹೇಳದೆ ಎದ್ದು ಹಿತ್ತಲಿಗೆ ಹೋದಳು. ವಾಕ್ಯವು ಸತ್ಯವೇ, ಅದನ್ನು ನಾನು ಚಾಟಿಯನ್ನಾಗಿ ಮಾಡಿದೆನು. ಅದೇ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ನಾನು ಆಗ ಸರಿಯಾಗಿ ಓದಿರಲಿಲ್ಲ. ಫಿಲಿಪ್ಪಿಯವರ ಕಾಣಿಕೆಯನ್ನು ತಂದ ಎಪಫ್ರೊದೀತನು ಮರಣದ ಹತ್ತಿರಕ್ಕೆ ಹೋಗಿದ್ದನು. ಅವನು ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತೆಂದು ಪೌಲನು ಮರೆಮಾಚದೆ ಬರೆಯುತ್ತಾನೆ. ಮೂರನೆಯ ಅಧ್ಯಾಯದಲ್ಲಿ ಅಳುತ್ತಲೇ ಬರೆಯುತ್ತಾನೆ. ಹೀಗೆ ಕಣ್ಣೀರೂ ಸಂತೋಷವೂ ಒಂದೇ ಕಾಗದದಲ್ಲಿ ಇವೆ. ಸುಖವು ದುಃಖವನ್ನು ಕಂಡರೆ ಓಡಿಹೋಗುತ್ತದೆ. ಸಂತೋಷವು ದುಃಖದ ಪಕ್ಕದಲ್ಲಿ ಕೂತುಕೊಳ್ಳಬಲ್ಲದು. ಬಹು ದಿವಸಗಳ ಮೇಲೆ ಆ ತಾಯಿಯೇ ಪಕ್ಕದ ಕೇರಿಯ ಬಾಣಂತಿಗೆ ಸಾರು ಮಾಡಿಕೊಂಡು ಹೋಗುತ್ತಿದ್ದದ್ದನ್ನು ಕಂಡೆನು. ನಾನು ಕಲಿಸಿದ್ದಲ್ಲ ಅದು.

ಪೌಲನ ಸಂತೋಷವು ಕರ್ತನಲ್ಲಿ ಬೇರೂರಿದ್ದು, ಜನರಲ್ಲಿ ಕೊಂಬೆ ಚಾಚಿತ್ತು. ನಾಲ್ಕನೆಯ ಅಧ್ಯಾಯದ ಮೊದಲಲ್ಲಿ ಆ ಸಭೆಯವರನ್ನೇ ತನ್ನ ಸಂತೋಷವೆಂದು ಕರೆಯುತ್ತಾನೆ. ಅದರ ಮುಂದಿನ ವಚನದಲ್ಲಿಯೇ ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರ ಭಿನ್ನಾಭಿಪ್ರಾಯದ ಮಾತು ಬರುತ್ತದೆ. ಅದನ್ನು ಸರಿಮಾಡುವದಕ್ಕೆ ಒಬ್ಬ ಜೊತೆಸೇವಕನನ್ನು ಬೇಡಿಕೊಂಡ ಮೇಲೆ ಎಲ್ಲರೂ ಸಂತೋಷಪಡಬೇಕೆಂಬ ಮಾತು. ಜಗಳವಾಡಿದವರ ಹೆಸರನ್ನು ಬರೆದು, ಅವರನ್ನೂ ಸೇರಿಸಿಯೇ ಹೇಳಿದ್ದು. ಮಕೆದೋನ್ಯದ ಸಭೆಗಳು ಕಡು ಬಡತನದಲ್ಲಿದ್ದರೂ ಬಹು ಸಂತೋಷದಿಂದ ಯೆಹೂದ್ಯರ ನಾಡಿನ ಬಡವರಿಗೆ ಹಣ ಕೂಡಿಸಿಕೊಟ್ಟವೆಂದು 2 ಕೊರಿಂಥ 8ರಲ್ಲಿ ಅವನೇ ಹೇಳುತ್ತಾನೆ. ಆ ಕಾಲದ ಸೆರೆಯವರು ಊಟ ಬಟ್ಟೆಗೆ ಬಹುಮಟ್ಟಿಗೆ ನೆಂಟರಿಷ್ಟರನ್ನೇ ನಂಬಿಕೊಂಡಿರಬೇಕಾಗಿತ್ತು. ಎಪಫ್ರೊದೀತನು ಹೊತ್ತು ತಂದದ್ದು ಅಂಥವರು ಕೂಡಿಸಿದ ಕಾಸು.

ಮುಂದಿನ ತಿಂಗಳ ಕೂಟಕ್ಕೆ ಬರುವವರು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ಓದಿಕೊಂಡು ಬರತಕ್ಕದ್ದು. ಅಕ್ಷರ ಬಾರದ ಹಿರಿಯರಿಗೆ ಮನೆಯ ಮಕ್ಕಳು ರಾತ್ರಿ ಊಟದ ಮೇಲೆ ಓದಿ ಕೇಳಿಸಲಿ. ಸಭೆಯಲ್ಲಿ ಯಾರೊಡನೆಯಾದರೂ ಮಾತು ಬಿಟ್ಟಿರುವವರು, ಸಾಧ್ಯವಾದರೆ, ಅವರನ್ನು ಕರೆದುಕೊಂಡೇ ಬರಲಿ.