ಸೊನ್ನೆ ಬರೆಯುವ ಮುನ್ನ
ಮೇನ್‌ಫ್ರೇಮ್ ಸ್ಟೋರೇಜ್ ನೋಡಿಕೊಳ್ಳುವ ಕೆಲಸ ಹೊಸದಾಗಿ ನಿಮ್ಮ ಪಾಲಿಗೆ ಬಂದಿದೆಯೇ? ಹಾಗಾದರೆ ಒಂದು ಮಾತು. ಐಬಿಎಂನ ಜೆಡ್/ಓಎಸ್‌ನಲ್ಲಿ ಸ್ಕ್ಯಾನ್ ಮಾಡಿದ ಚೆಕ್ಕು, ಪಾಲಿಸಿ ಪತ್ರಗಳನ್ನು ಆಬ್ಜೆಕ್ಟುಗಳಾಗಿ ಕಾಪಾಡುವುದು ಓಎಎಂ (ಆಬ್ಜೆಕ್ಟ್ ಆಕ್ಸೆಸ್ ಮೆಥಡ್). ಮೊದಲ ಬೈಟು ಸಿಗಲು ಎಷ್ಟು ಸೆಕೆಂಡು ಕಾಯಬಹುದೆಂದು ಸ್ಟೋರೇಜ್ ಕ್ಲಾಸಿನಲ್ಲಿ ನೀವೇ ತುಂಬಬೇಕು. 0 ಬರೆದರೆ ಡಿಸ್ಕು. 1 ಅಥವಾ ಹೆಚ್ಚಾದರೆ ಟೇಪಿನಂಥ ಮಾಧ್ಯಮ.

ಕೇಳಿದರೆ ಎಲ್ಲರದ್ದೂ ಅರ್ಜೆಂಟೇ. ಅಷ್ಟಕ್ಕೇ ಸೊನ್ನೆ ತುಂಬಬೇಡಿ. ಈ ಪತ್ರಕ್ಕಾಗಿ ಕೌಂಟರಿನ ಮುಂದೆ ಗ್ರಾಹಕರು ನಿಂತಿರುತ್ತಾರೆಯೇ, ಇಲ್ಲ ಆಡಿಟರ್ ನಾಳೆ ನೋಡಿದರೂ ನಡೆಯುತ್ತದೆಯೇ ಎಂದು ವಿಚಾರಿಸಿ. ಇವತ್ತು ಬೇಕಾದದ್ದು ಮುಂದೆ ಯಾರಿಗೂ ಬೇಡವಾಗಬಹುದು. ಅದಕ್ಕೆಂದೇ ಮ್ಯಾನೇಜ್‌ಮೆಂಟ್ ಕ್ಲಾಸಿನಲ್ಲಿ ಕ್ಲಾಸ್ ಟ್ರಾನ್ಸಿಶನ್ ಇದೆ. ಎಷ್ಟು ದಿನಕ್ಕೆ ಡಿಸ್ಕಿನಿಂದ ಟೇಪಿಗೆ ಇಳಿಸಬೇಕೆಂಬುದನ್ನು ಬಳಸುವವರ ಜೊತೆ ಕೂತೇ ಗೊತ್ತು ಮಾಡಿಕೊಳ್ಳಿ.