ಪೆಟ್ರೋಲು ತರುವಾಗ ಹೆದರಬೇಕಾದ್ದು ಆವಿಗೆ

ಕಳೆಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸ, ಔಷಧಿ ಬಿಡುವ ಪಂಪು – ಈಗ ತೋಟದ ಅರ್ಧ ಕೆಲಸ ಪೆಟ್ರೋಲಿನಲ್ಲೇ. ಬಂಕ್ ದೂರ. ಹಾಗಾಗಿ ಒಂದೇ ಸಲ ಹತ್ತಿಪ್ಪತ್ತು ಲೀಟರ್ ತಂದಿಡುವವರು ನಾವು. ತರುವ ಕ್ರಮದ ಬಗ್ಗೆ ಯೋಚಿಸುವವರು ಕಡಿಮೆ.

ಉರಿಯುವುದು ಪೆಟ್ರೋಲಿನ ದ್ರವವಲ್ಲ, ಅದರಿಂದೇಳುವ ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳುತ್ತದೆ. ಇನ್ನು ನಮ್ಮ ಏಪ್ರಿಲ್ ಬಿಸಿಲಿನ ಕತೆ ಹೇಳಬೇಕೇ? ಈ ಆವಿ ಗಾಳಿಗಿಂತ ಮೂರು-ನಾಲ್ಕು ಪಾಲು ಭಾರ. ಹೊಗೆಯ ಹಾಗೆ ಮೇಲೇಳದೆ, ನೀರಿನ ಹಾಗೆ ತಗ್ಗು ಹುಡುಕಿ ಹರಿಯುತ್ತದೆ. ಕಾರಿನ ಡಿಕ್ಕಿಯೋ ಕೋಣೆಯ ಮೂಲೆಯೋ ಸಿಕ್ಕಿದರೆ ಅಲ್ಲೇ ನಿಲ್ಲುತ್ತದೆ.

ನಾನು ಪಾಲಿಸುವ ಕ್ರಮ ಹೀಗೆ:

ಪಾತ್ರೆ: 1934ರ ಪೆಟ್ರೋಲಿಯಂ ಕಾಯಿದೆಯಂತೆ ಸ್ವಂತ ಬಳಕೆಗೆ 30 ಲೀಟರ್ ತನಕ ಲೈಸೆನ್ಸ್ ಬೇಡ. ಆದರೆ ಭದ್ರ ಮುಚ್ಚಳದ ಲೋಹದ ಕ್ಯಾನ್ ಬೇಕು. ಅದು 25 ಲೀಟರಿಗಿಂತ ದೊಡ್ಡದಿರಬಾರದು. ನೀರಿನ ಬಾಟ್ಲಿಯಲ್ಲಂತೂ ಬೇಡವೇ ಬೇಡ. ಮಕ್ಕಳು ನೀರೆಂದು ಕುಡಿದಾರು!

ತುಂಬಿಸುವಾಗ: ಕ್ಯಾನನ್ನು ಪಿಕಪ್ಪಿನಿಂದ ಇಳಿಸಿ ನೆಲದಲ್ಲಿಡಿ. ಪೆಟ್ರೋಲು ಹರಿಯುವಾಗ ಸ್ಥಿರವಿದ್ಯುತ್ ಹುಟ್ಟುತ್ತದೆ. ಕ್ಯಾನ್ ಪ್ಲಾಸ್ಟಿಕ್ ಹಾಸಿನ ಮೇಲಿದ್ದರೆ ಅದಕ್ಕೆ ಭೂಮಿಗಿಳಿಯಲು ದಾರಿಯಿಲ್ಲ, ಕಿಡಿ ಹಾರೀತು. ಕೊಳವೆಯ ಮೂತಿ ಕ್ಯಾನಿನ ಬಾಯಿಗೆ ತಾಗಿಯೇ ಇರಲಿ.

ಕಂಠಮಟ್ಟ ಬೇಡ: 20 ಲೀಟರ್ ಪೆಟ್ರೋಲು 20 ಡಿಗ್ರಿ ಹೆಚ್ಚು ಬಿಸಿಯಾದರೆ ಹೆಚ್ಚುಕಡಿಮೆ 400 ಮಿಲಿಲೀಟರ್ ಹಿಗ್ಗುತ್ತದೆ. ಮೇಲೆ ಜಾಗ ಬಿಡಿ.

ದಾರಿಯಲ್ಲಿ: ಬಸ್ಸು, ರೈಲಿನಲ್ಲಿ ಒಯ್ಯಲೇಬಾರದು. ಪಿಕಪ್ಪಿನ ತೆರೆದ ಹಿಂಭಾಗದಲ್ಲಿ ನೆಟ್ಟಗೆ ನಿಲ್ಲಿಸಿ, ಅಲುಗದಂತೆ ಹಗ್ಗ ಬಿಗಿಯಿರಿ. ಹತ್ತಿರ ಬೀಡಿ ಸೇದುವವರು ಕೂರಬಾರದು.

ಮನೆಯಲ್ಲಿ: ಬಚ್ಚಲೊಲೆ, ರಬ್ಬರಿನ ಹೊಗೆಗೂಡುಗಳಿಂದ ದೂರ, ಗಾಳಿಯಾಡುವಲ್ಲಿ ಇಡಿ. ಯಂತ್ರ ತಣಿಯದೆ ಟ್ಯಾಂಕಿಗೆ ಸುರಿಯಬೇಡಿ.

ಹೆದ್ದಾರಿ ಬದಿಯ ಕೃಷಿಕರಿಗೆ ಇನ್ನೊಂದು ಮಾತು. ಟ್ಯಾಂಕರಿನ ಫಲಕದಲ್ಲಿ ನಾಲ್ಕಂಕಿಯ ಸಂಖ್ಯೆಯಿರುತ್ತದೆ. 1203 ಎಂದರೆ ಪೆಟ್ರೋಲು, 1202 ಡೀಸೆಲ್, 1075 ಅಡುಗೆ ಅನಿಲ. ಅನಿಲವೂ ಗಾಳಿಗಿಂತ ಭಾರವೇ. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅನಿಲದ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿದಾಗ ಜೀವಗಳೇ ಹೋದವು. ಟ್ಯಾಂಕರ್ ಮಗುಚಿದರೆ ಕೊಡಪಾನ ಹಿಡಿದು ಓಡಬೇಡಿ ಮಾರಾಯ್ರೆ. ಆವಿ ತೋಡಿನಗುಂಟ ನಿಮ್ಮ ಅಂಗಳಕ್ಕೇ ಇಳಿದೀತು. ಮನೆಯವರನ್ನೆಲ್ಲ ಕರಕೊಂಡು ಟ್ಯಾಂಕರಿನಿಂದ ದೂರ, ಎತ್ತರದ ಜಾಗಕ್ಕೆ ಹೋಗಿ. ಅಲ್ಲಿಂದ 112ಕ್ಕೆ ಫೋನು ಮಾಡಿ, ಫಲಕದ ಸಂಖ್ಯೆ ಕಂಡಿದ್ದರೆ ಅದನ್ನೂ ಹೇಳಿ.